ಸಮೀಕರಣದ ಹಿಂದೊಬ್ಬ ಬಿಷಪರು

ಚಲನೆಯ ಸಮೀಕರಣ ಎಂದರೆ ಗೆಲಿಲಿಯೋ ನೆನಪಾಗುತ್ತಾರೆ. ಜೊತೆಗೆ ಧರ್ಮಸಭೆಗೂ ವಿಜ್ಞಾನಕ್ಕೂ ಆಗದು ಎಂಬ ಮಾತೂ ಕೇಳುತ್ತೇವೆ. ಆದರೆ 14ನೇ ಶತಮಾನದಲ್ಲೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಒಂದು ನಿಯಮ ಕಂಡಿದ್ದರು: ವೇಗ ಒಂದೇ ಸಮನೆ ಏರಿದರೆ, ಮೊದಲ ಮತ್ತು ಕೊನೆಯ ವೇಗಗಳ ಸರಾಸರಿಯನ್ನು ಕಾಲದಿಂದ ಗುಣಿಸಿದಷ್ಟೇ ದೂರ. ಅದನ್ನು ಚಿತ್ರ ಬರೆದು ಸಾಧಿಸಿದವರು ಫ್ರಾನ್ಸಿನ ನಿಕೋಲ್ ಒರೆಮ್. 1377ರಲ್ಲಿ ಅವರು ಲಿಸ್ಯೂ ಪಟ್ಟಣದ ಬಿಷಪರಾದರು.

ಸೊರಡಿಯಿಂದ ಜತ್ತಿಗೆ ಹೊರಟ ಬಸ್ಸು ಮೊದಲ 10 ಸೆಕೆಂಡಿನಲ್ಲಿ 50 ಮೀಟರ್ ಸಾಗಿತೆನ್ನೋಣ. ನಿಯಮವನ್ನು ತಿರುಗಿಸಿ ಬರೆದರೆ ಸರಾಸರಿ ವೇಗ ಸೆಕೆಂಡಿಗೆ 5 ಮೀಟರ್. ಹೊರಟಿದ್ದು ಸೊನ್ನೆಯಿಂದ, ಹಾಗಾಗಿ ಕೊನೆಯ ವೇಗ ಅದರ ಎರಡರಷ್ಟು, 10. ಈ ಏರಿಕೆಯನ್ನು 10 ಸೆಕೆಂಡಿನಿಂದ ಭಾಗಿಸಿ: ಸರಾಸರಿ ವೇಗೋತ್ಕರ್ಷ 1, ಅಂದರೆ ಪ್ರತಿ ಸೆಕೆಂಡಿಗೂ ವೇಗ 1 ಮೀಟರ್‌ನಷ್ಟು ಏರಿದೆ.

1633ರಲ್ಲಿ ಧರ್ಮಸಭೆಯ ನ್ಯಾಯಾಲಯ ಗೆಲಿಲಿಯೋ ಅವರಿಗೆ ಶಿಕ್ಷೆ ಕೊಟ್ಟಿದ್ದನ್ನೂ ನಾವು ಮುಚ್ಚಿಡಬಾರದು. ಇದೇ ನಿಯಮವನ್ನು ಬೀಳುವ ವಸ್ತುಗಳಿಗೆ ಹೊಂದಿಸಿದ ಅವರ ಗ್ರಂಥ 1638ರಲ್ಲಿ ಹಾಲೆಂಡಿನಲ್ಲಿ ಅಚ್ಚಾದಾಗಲೂ ಅವರು ಗೃಹಬಂಧನದಲ್ಲೇ ಇದ್ದರು.