ಅಮ್ಮನ ಮಣೆ ಮತ್ತು ಮೂವತ್ತು ಮಿಲಿ ಆಂಪಿಯರ್

ಹೊಸ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಡುಗೆಮನೆಯ ಸಾಕೆಟ್‌ಗಳಿಗೆ ಬರುವ ಕರೆಂಟು ವಾರಕ್ಕೆರಡು ಸಲ "ಟಪ್" ಅಂತ ಹೋಗುತ್ತಿತ್ತು. ಲೈಟು, ಫ್ಯಾನು ಎಲ್ಲಾ ಸರಿ, ಸಾಕೆಟ್‌ಗಳು ಮಾತ್ರ ಸತ್ತಂತೆ. ಸ್ವಿಚ್ಚು ಮೇಲೆತ್ತಿದರೆ ಮತ್ತೆ ಬರುತ್ತಿತ್ತು, ಒಮ್ಮೊಮ್ಮೆ ಎತ್ತಿದ ತಕ್ಷಣವೇ ಬೀಳುತ್ತಿತ್ತು. ಅಮ್ಮ ಪ್ರತಿ ಸಲವೂ ಹೇಳುತ್ತಿದ್ದದ್ದು ಒಂದೇ ಮಾತು. "ಹಳೇ ಮನೇಲಿ ಒಂದ್ ದಿನಾನೂ ಹೀಗಾಗಿರ್ಲಿಲ್ಲಪ್ಪ, ಈ ಮನೇಲೇ ಏನೋ ದೋಷ ಇದೆ."

ಕರೆಸಿದ ಎಲೆಕ್ಟ್ರಿಷಿಯನ್ ಬೋರ್ಡ್ ನೋಡಿ, "ಇದೊಂದು ಆರ್‌ಸಿಸಿಬಿ ತೆಗೆದು ಡೈರೆಕ್ಟ್ ಕೊಟ್ಬಿಡ್ತೀನಿ ಸಾರ್, ಆಮೇಲೆ ಕಾಟ ಇರಲ್ಲ" ಅಂದ. ನಾನೂ ಒಪ್ಪಿಕೊಳ್ಳುವವನಿದ್ದೆ. ಆದರೆ ಈ ಪುಟ್ಟ ಡಬ್ಬಿ ಯಾಕೆ ಹುಟ್ಟಿತು ಅಂತ ಹುಡುಕುತ್ತಾ ಹೋದವನು ಬಂದು ನಿಂತದ್ದು ನಮ್ಮ ಹಳೇ ಮನೆಯ ಅಡುಗೆಮನೆಯಲ್ಲಿ!

ನಮ್ಮ ನಾಡಿಗೆ ಕರೆಂಟು ಬಂದ ಕತೆ ನಿಮಗೆ ಗೊತ್ತೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ಅಂದರೆ ಕರೆಂಟು ಮೊದಲು ಹೋದದ್ದು ಗಣಿಗೆ, ಆಮೇಲೆ ಬೀದಿಗೆ, ಕೊನೆಗೆ ಮನೆಗೆ. ಈ ಅನುಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕರೆಂಟಿನ ಜೊತೆಗೇ ಬಂದದ್ದು ಫ್ಯೂಸು. ಎಡಿಸನ್ 1890ರಲ್ಲಿ ಅದಕ್ಕೊಂದು ಪೇಟೆಂಟ್ ಪಡೆದಿದ್ದ. ತಂತ್ರ ತೀರಾ ಸರಳ. ಹೆಚ್ಚು ಕರೆಂಟು ಹರಿದರೆ ಸಣ್ಣ ತಂತಿಯೊಂದು ಕರಗಿ ದಾರಿ ಕಡಿಯುತ್ತದೆ. ನಮ್ಮ ಹಳೇ ಮನೆಯ ಜಗುಲಿಯಲ್ಲಿ ಪಿಂಗಾಣಿಯ ಬಿಳೀ ಫ್ಯೂಸುಗಳಿದ್ದವು. "ಫೀಸು ಹೋಯ್ತು" ಅಂದ ಕೂಡಲೇ ಅಪ್ಪ ಟಾರ್ಚು ಹಿಡಿದು ಹೊರಡುತ್ತಿದ್ದರು. ಪದೇ ಪದೇ ಹೋಗುತ್ತದೆ ಅಂತ ಒಂದು ಎಳೆಯ ಜಾಗಕ್ಕೆ ಮೂರು ಎಳೆ ಹೊಸೆದು ಕಟ್ಟುತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗೆಯೇ ಇದ್ದಿರಬಹುದು. ಆಮೇಲೆ ಫ್ಯೂಸು ಹೋಗಲೇ ಇಲ್ಲ. ಅದನ್ನೇ ನಾವು "ಸರಿಯಾಯಿತು" ಅಂದುಕೊಂಡಿದ್ದೆವು!

ಹೀಗೆ ದಪ್ಪ ತಂತಿ ಕಟ್ಟುವ ಚಾಳಿಗೆ ಜಾಗವಿಲ್ಲದಂತೆ ಮಾಡಿದ್ದು ಎಂಸಿಬಿ. ಜರ್ಮನಿಯ ಹ್ಯೂಗೊ ಸ್ಟೋಟ್ಸ್ ಅವರ ಈ ಸಾಧನಕ್ಕೆ 1924ರಲ್ಲಿ ಪೇಟೆಂಟ್ ಸಿಕ್ಕಿತು. ಲೋಡು ಹೆಚ್ಚಾದರೆ ಒಳಗಿನ ಎರಡು ಲೋಹಗಳ ಪಟ್ಟಿ ಬಿಸಿಯಾಗಿ ಬಾಗಿ ಸ್ವಿಚ್ಚು ಬೀಳಿಸುತ್ತದೆ, ಶಾರ್ಟ್ ಆದರೆ ಒಂದು ಸುರುಳಿ ಅಯಸ್ಕಾಂತವಾಗಿ ತಕ್ಷಣ ಬೀಳಿಸುತ್ತದೆ. ಹದಿನಾರು ಆಂಪಿಯರಿನ ಎಂಸಿಬಿ ತಾಳುವುದು ಸುಮಾರು 3700 ವ್ಯಾಟ್. ಎರಡು ಸಾವಿರ ವ್ಯಾಟಿನ ಇಂಡಕ್ಷನ್ ಒಲೆಯ ಜೊತೆ ಅಷ್ಟೇ ದೊಡ್ಡ ಇನ್ನೊಂದನ್ನು ಹಚ್ಚಿದರೆ ಸ್ವಲ್ಪ ಹೊತ್ತಾದ ಮೇಲೆ ಅದು ಬೀಳಬಹುದು.

ಆದರೆ ಒಂದು ವಿಷಯ ಗಮನಿಸಿ. ಫ್ಯೂಸಾಗಲಿ ಎಂಸಿಬಿಯಾಗಲಿ ಮುಖ್ಯವಾಗಿ ಕಾಯುವುದು ಗೋಡೆಯೊಳಗಿನ ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನ ಜೀವ ತೆಗೆಯಲು ಅಷ್ಟೊಂದು ಕರೆಂಟು ಬೇಕಾಗಿಯೇ ಇಲ್ಲ. ಅಮೆರಿಕದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಹಿಡಿದ ತಂತಿಯನ್ನು ಬಿಡಲಾಗದ ಹಾಗೆ ಕೈ ಬಿಗಿಯುವುದು ಎಷ್ಟು ಕರೆಂಟಿಗೆ ಅಂತ ಅಳೆದರು. ಗಂಡಸರಲ್ಲಿ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಲ್ಲಿ 10.5. ಐದು ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ಮನುಷ್ಯ ಒದ್ದಾಡುತ್ತಿದ್ದರೂ ಅದು ತಣ್ಣಗೆ ಕೂತಿರುತ್ತದೆ.

ಈ ಸಣ್ಣ ಸೋರಿಕೆಯನ್ನು ಹಿಡಿಯುವ ಕೆಲಸದಲ್ಲಿ ಒಂದು ದೊಡ್ಡ ಹೆಜ್ಜೆ ಬಿದ್ದದ್ದೂ ಚಿನ್ನದ ಗಣಿಯಲ್ಲೇ! 1955ರಲ್ಲಿ ದಕ್ಷಿಣ ಆಫ್ರಿಕಾದ ಗಣಿಗಳಿಗಾಗಿ ಹೆನ್ರಿ ರೂಬಿನ್ ಮಾಡಿದ ಸಾಧನ 250 ಮಿಲಿ ಆಂಪಿಯರ್ ಸೋರಿದರೂ ಕರೆಂಟು ಕಡಿಯುತ್ತಿತ್ತು. 1961ರಲ್ಲಿ ಡಾಲ್ಜೀಲ್ ಅವರು ಇನ್ನೂ ಬಹಳ ಸೂಕ್ಷ್ಮವಾದುದನ್ನು ಮಾಡಿದರು. ಗಣಿಯಿಂದ ಮನೆಗೆ, ಮತ್ತದೇ ಅನುಕ್ರಮ.

ನಮ್ಮ ಬೋರ್ಡಿನ ಆರ್‌ಸಿಸಿಬಿ ಅದೇ ವಂಶದ್ದು. ಅದರೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದು ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ವಾಪಸ್ ಬಂದರೆ ಲೆಕ್ಕ ಚುಕ್ತಾ. ಕಡಿಮೆ ಬಂದರೆ, ಎಲ್ಲೋ ಸೋರಿ ಭೂಮಿಗೆ ಹೋಗಿದೆ ಅಂತ ಅರ್ಥ. ಮೂವತ್ತು ಮಿಲಿ ಆಂಪಿಯರ್ ತಲುಪುವುದರೊಳಗೆ ಅದು ಬೀಳಲೇಬೇಕು. ಏಳು ವ್ಯಾಟಿನ ಬಲ್ಬಿಗೆ ಬೇಕಾಗುವಷ್ಟು ಕರೆಂಟು, ಅಷ್ಟೇ.

ಇಷ್ಟು ತಿಳಿದ ಮೇಲೆ ಎಲೆಕ್ಟ್ರಿಷಿಯನ್‌ಗೆ "ತೆಗೆಯೋದು ಬೇಡ, ಹುಡುಕೋಣ" ಅಂದೆ. ಅಡುಗೆಮನೆಯ ಎಲ್ಲಾ ಪ್ಲಗ್ ಕಿತ್ತು ಸ್ವಿಚ್ಚು ಎತ್ತಿದೆವು. ನಿಂತಿತು. (ಆಗಲೂ ಬಿದ್ದಿದ್ದರೆ ದೋಷ ಬಹುಶಃ ವೈರಿಂಗಿನದು. ಇನ್ವರ್ಟರ್ ಹಾಕುವಾಗ ಎರಡು ಸರ್ಕ್ಯೂಟಿನ ನ್ಯೂಟ್ರಲ್ ಸೇರಿಸಿಬಿಟ್ಟರೂ ಹೀಗಾಗುತ್ತದೆ.) ಆಮೇಲೆ ಒಂದೊಂದೇ ಹಚ್ಚುತ್ತಾ ಬಂದೆವು. ಫ್ರಿಜ್ಜು, ಸರಿ. ಮಿಕ್ಸಿ, ಸರಿ. ಹಳೇ ಮನೆಯಿಂದ ತಂದ ಗ್ರೈಂಡರು... ಟಪ್!

ಆಗಲೇ ನನಗೆ ಆ ಮಣೆ ನೆನಪಾದದ್ದು. ಹಳೇ ಮನೆಯಲ್ಲಿ ದೋಸೆಗೆ ರುಬ್ಬುವಾಗ ಅಮ್ಮ ಯಾವಾಗಲೂ ಒಂದು ಮರದ ಮಣೆಯ ಮೇಲೆ ನಿಲ್ಲುತ್ತಿದ್ದರು. ಕೇಳಿದರೆ, "ಬರಿಗಾಲಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ" ಅನ್ನುತ್ತಿದ್ದರು. ಆ ಮನೆಯ ಸಾಕೆಟ್ಟಿಗೆ ಅರ್ಥ್ ತಂತಿಯೇ ಇರಲಿಲ್ಲ. ಹಿಟ್ಟಿನ ನೀರು ಇಳಿದು ಮೋಟಾರಿನಿಂದ ಸೋರುತ್ತಿದ್ದ ಕರೆಂಟಿಗೆ ಅಮ್ಮನೇ ದಾರಿ. ಹೊಸ ಮನೆಯಲ್ಲಿ ಅರ್ಥ್ ಇದೆ, ಸೋರಿದ್ದು ಅದರಲ್ಲಿ ಹೋಗುತ್ತದೆ, ಡಬ್ಬಿಗೆ ಗೊತ್ತಾಗುತ್ತದೆ. ಹಳೇ ಮನೆಯಲ್ಲಿ ದೋಷ ಇರಲಿಲ್ಲ ಅಂತಲ್ಲ, ಹೇಳುವವರು ಇರಲಿಲ್ಲ. ಹೇಳುತ್ತಿದ್ದದ್ದು ಅಮ್ಮನ ಕಾಲು ಮಾತ್ರ, ಅದನ್ನು ನಾವ್ಯಾರೂ ಕೇಳಿಸಿಕೊಳ್ಳಲಿಲ್ಲ.

ಗ್ರೈಂಡರು ರಿಪೇರಿಗೆ ಹೋಯಿತು. ಆರ್‌ಸಿಸಿಬಿ ತನ್ನ ಜಾಗದಲ್ಲೇ ಇದೆ. ಈಗ ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೋ ಇಲ್ಲವೋ ನೋಡುತ್ತೇನೆ. ಅಮ್ಮ ಮಾತ್ರ ಇಂದಿಗೂ ರುಬ್ಬುವಾಗ ಮಣೆ ಹುಡುಕುತ್ತಾರೆ. ಮೂವತ್ತು ವರ್ಷದ ಅಭ್ಯಾಸ, ನಾನು ಬೇಡ ಅನ್ನುವುದಿಲ್ಲ.