ಹಳೆ ರೈಲ್ವೆ ಸ್ಲೀಪರ್‌ನಿಂದ ತೋಟದ ಬೆಂಚು ಮಾಡಬಹುದೇ?

ಹಳೆ ಮರದ ಸ್ಲೀಪರ್‌ಗೆ ಗೆದ್ದಲು ಹತ್ತುವುದಿಲ್ಲ, ತೋಟಕ್ಕೆ ಬೆಂಚು ಮಾಡಿಸಿ ಎನ್ನುವ ಸಲಹೆ ನಿಮಗೂ ಬಂದಿರಬಹುದು. ಗೆದ್ದಲು ದೂರ ಇರುವುದೇನೋ ನಿಜ. ಆದರೆ ಏಕೆ? ಬಹಳಷ್ಟು ಸ್ಲೀಪರ್‌ಗಳಿಗೆ ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2ಎ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಸಾಲಿಗೆ ಸೇರಿಸಿದೆ. ಯುರೋಪ್ ಒಕ್ಕೂಟದಲ್ಲಿ ಇಂಥ ಮರದಿಂದ ತೋಟದ ಬೆಂಚು, ಮೇಜು ಮಾಡುವಂತಿಲ್ಲ. ಬಿಸಿಲಿಗೆ ಎಣ್ಣೆ ಜಿನುಗಿ ಕೂತವರ ಚರ್ಮಕ್ಕೆ ಅಂಟುತ್ತದೆ, ಉರಿ ಬರಬಹುದು.

ಮಂಡ್ಯ, ಮದ್ದೂರಿನ ಗುಜರಿಯಲ್ಲಿ ಮರ ಕೊಳ್ಳುವವರಿಗೆ ನಾವು ಹೇಳುವುದು ಇಷ್ಟೇ: ಸ್ಲೀಪರ್ ಎಂದು ಗೊತ್ತಾದರೆ, ಟಾರು ವಾಸನೆ ಬಂದರೆ ಬಿಟ್ಟುಬಿಡಿ. ಬಚ್ಚಲೊಲೆಗೂ ಹಾಕಬೇಡಿ, ಹೊಗೆಯಲ್ಲೂ ವಿಷವಿರುತ್ತದೆ. ರೈಲಿಲ್ಲದ ಮಳವಳ್ಳಿಯಲ್ಲಿ ಕೆಡವಿದ ಹಳೆ ಮನೆಯ ಕಲ್ಲು ಚಪ್ಪಡಿ ಸಿಕ್ಕರೆ ಎರಡು ದಪ್ಪ ಕಲ್ಲಿನ ಮೇಲೆ ಅಲ್ಲಾಡದಂತೆ ಕೂರಿಸಿ. ಅದಕ್ಕಂತೂ ಗೆದ್ದಲು ಹತ್ತುವುದಿಲ್ಲ.