ಕೊರತೆ ಗಾಳಿಯದೋ, ದಾರಿಯದೋ?

1950ರಲ್ಲಿ ಡಾ. ಬಿ. ರಾಮಮೂರ್ತಿ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆ ಆರಂಭಿಸಿದಾಗ ಸಿ.ಟಿ. ಸ್ಕ್ಯಾನ್ ಇರಲಿಲ್ಲ. ಲಕ್ವ ಹೊಡೆದವರ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ಸೋರಿದೆಯೋ ಎಂದು ಖಚಿತವಾಗಿ ಹೇಳುವುದೇ ಕಷ್ಟವಿತ್ತು. ಮಿದುಳು ಆಮ್ಲಜನಕವಿಲ್ಲದೆ ಸಾಯುತ್ತಿದ್ದರೆ ಆಮ್ಲಜನಕವನ್ನೇ ಹೆಚ್ಚು ಕೊಟ್ಟರಾಯಿತಲ್ಲ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು.

1965ರಲ್ಲಿ ಸ್ವೀಡನ್ನಿನ ಇಂಗ್ವಾರ್ ಮತ್ತು ಡೆನ್ಮಾರ್ಕಿನ ಲಾಸೆನ್ ಹೆಚ್ಚಿನ ಒತ್ತಡದ ಕೋಣೆಯಲ್ಲಿ ರೋಗಿಗಳಿಗೆ ಆಮ್ಲಜನಕ ಕೊಟ್ಟು ನೋಡಿದರು. ಆಸೆ ಚಿಗುರಿತು. ಮುಂದೆ ನಡೆದ ಪರೀಕ್ಷೆಗಳು ಅದನ್ನು ಎತ್ತಿ ಹಿಡಿಯಲಿಲ್ಲ. 2017ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು 8,003 ರೋಗಿಗಳನ್ನು ಗಮನಿಸಿ, ಎಲ್ಲರಿಗೂ ವಾಡಿಕೆಯಂತೆ ಆಮ್ಲಜನಕ ಕೊಡುವುದರಿಂದ ಲಾಭವಿಲ್ಲ ಎಂದಿತು.

ಕಾರಣ ಸರಳ. ಶ್ವಾಸಕೋಶ ಸರಿಯಿದ್ದರೆ ರಕ್ತದಲ್ಲಿ ಆಮ್ಲಜನಕ ಮೊದಲೇ ತುಂಬಿರುತ್ತದೆ. ಕಾಲುವೆಗೆ ಬಂಡೆ ಅಡ್ಡ ಬಿದ್ದಾಗ ಕೆರೆಗೆ ಇನ್ನಷ್ಟು ನೀರು ತುಂಬಿಸಿದರೆ ಗದ್ದೆ ನೆನೆಯುತ್ತದೆಯೇ? ಮೊದಲು ಬಂಡೆ ಸರಿಸಬೇಕು.

2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಚೀನಾದ ಅಧ್ಯಯನ ಹೇಳಿದ್ದೂ ಅದಕ್ಕೆ ಹೊಂದುತ್ತದೆ. ರಕ್ತನಾಳದೊಳಗಿಂದ ಹೆಪ್ಪು ಹೊರತೆಗೆಯುವ ಚಿಕಿತ್ಸೆಯ ಜೊತೆಗೆ ಆಮ್ಲಜನಕವನ್ನೂ ಹೆಚ್ಚು ಕೊಟ್ಟಾಗ, 282 ರೋಗಿಗಳ ಆ ಪರೀಕ್ಷೆಯಲ್ಲಿ 90 ದಿನಗಳ ಬಳಿಕ ಚೇತರಿಕೆ ಉತ್ತಮವಾಗಿತ್ತು. ದಾರಿ ತೆರೆಯುವ ತನಕ ಮಿದುಳನ್ನು ಹಿಡಿದಿಡುವುದು ಆಮ್ಲಜನಕದ ಪಾಲಿನ ಕೆಲಸವಿರಬಹುದು. ಇದನ್ನು ಇನ್ನಷ್ಟು ಕಡೆ ಪರೀಕ್ಷಿಸಬೇಕಿದೆ.

ರಕ್ತದಲ್ಲಿ ಆಮ್ಲಜನಕ ಇಳಿದವರಿಗೆ ಅದನ್ನು ಕೊಡಲೇಬೇಕು. ಆದರೆ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಚೆನ್ನೈಯಾಗಲಿ, ಚಾಮರಾಜನಗರವಾಗಲಿ, ಮನೆಯವರು ಮೊದಲು ಕೇಳಬೇಕಾದದ್ದು ಒಂದೇ: ಸ್ಕ್ಯಾನ್ ಆಯಿತೇ?